ತುಲಾಂಬೆನ್‌ನ ಮುಳುಗಿದ ಹಡಗು: ಒಂಬತ್ತು ಡೈವ್ ಮಾಡಿದವರು ಹೋಗಬಹುದಾ?

ಪ್ರಶ್ನೆ: ನನಗೆ 46 ವರ್ಷ, ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಇದುವರೆಗೆ ಒಂಬತ್ತು ಡೈವ್ ಆಗಿವೆ, ಎಲ್ಲವೂ ನೇತ್ರಾಣಿ ಮತ್ತು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ. ಕೊನೆಯ ಡೈವ್ ಆಗಿ ಹದಿನಾಲ್ಕು ತಿಂಗಳಾಯಿತು. ಯುಗಾದಿ ರಜೆ ಸೇರಿಸಿಕೊಂಡು ಐದು ದಿನ ಬಾಲಿಗೆ ಹೊರಟಿದ್ದೇವೆ. ಅಲ್ಲಿನ ತುಲಾಂಬೆನ್ ಎಂಬ ಹಳ್ಳಿಯಲ್ಲಿ ಉಳಿದು, ಮುಳುಗಿದ ಲಿಬರ್ಟಿ ಹಡಗು ನೋಡಬೇಕೆಂದು ಬಹಳ ದಿನದ ಆಸೆ. ನಾಲ್ಕನೇ ದಿನ ಸಂಜೆವರೆಗೂ ಡೈವ್ ಮಾಡಿ, ಐದನೇ ದಿನ ನಸುಕಿನಲ್ಲಿ ಬತೂರ್ ಬೆಟ್ಟ ಹತ್ತಿ ಸೂರ್ಯೋದಯ ನೋಡಿ, ರಾತ್ರಿ ವಿಮಾನ ಹಿಡಿಯುವ ಯೋಚನೆ. ಗೆಳೆಯನೊಬ್ಬ ಹೆದರಿಸುತ್ತಿದ್ದಾನೆ: ಹಡಗು ಒಳಕ್ಕೆ ಎಳೆದುಕೊಳ್ಳುತ್ತದಂತೆ, ಬಾಲಿಯ ಕರೆಂಟ್ (ಸಮುದ್ರದ ಸೆಳೆತ) ಆಳಕ್ಕೆ ತಳ್ಳುತ್ತದಂತೆ. ಇನ್ನೊಬ್ಬ, ಹಡಗಿನ ಒಳಗೆ ಹೋಗದಿದ್ದರೆ ಅದು ರೆಕ್ ಡೈವೇ (ಮುಳುಗಿದ ಹಡಗಿನ ಡೈವ್) ಅಲ್ಲ ಅನ್ನುತ್ತಾನೆ. ನಾನು ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಹೆಂಡತಿಗೆ ಈಜು ಬರುತ್ತದೆ, ಡೈವಿಂಗ್ ಬೇಡ ಅನ್ನುತ್ತಾಳೆ. ಹೋಗಲೋ ಬೇಡವೋ?

ಉತ್ತರ: ಹೋಗಿ. ನಿಮ್ಮ ಅನುಭವಕ್ಕೆ ತಕ್ಕ ಮುಳುಗಿದ ಹಡಗು ಅಂತ ಒಂದಿದ್ದರೆ ಅದು ಇದೇ. ನಿಮ್ಮ ಗೆಳೆಯ ಹೇಳಿದ ಯಾವ ಮಾತಿಗೂ ನಾನು ಹೆದರಲಿಲ್ಲ. ಹೆದರಿದ್ದು ನಿಮ್ಮ ಐದನೇ ದಿನಕ್ಕೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಹಡಗಿನ ವಿಷಯ. ಅದರ ಕಥೆ ಗೊತ್ತಿದ್ದರೆ ಅರ್ಧ ಭಯ ತಾನೇ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ರಾಶಿ ರಾಶಿ ಕಟ್ಟಿದ 'ಲಿಬರ್ಟಿ ಶಿಪ್'ಗಳಲ್ಲಿ ಇದೂ ಒಂದು ಅಂತ ಬಹಳ ಜನ ತಿಳಿದಿದ್ದಾರೆ. ಕೆಲವು ಗೈಡ್‌ಗಳೂ ಹಾಗೇ ಹೇಳಿಬಿಡುತ್ತಾರೆ. ಅಲ್ಲ. ಆ ಹಡಗುಗಳು ಬಂದದ್ದು 1941ರಿಂದ ಈಚೆಗೆ. ಇದು 1918ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಟ್ಟಿದ ಸರಕು ಹಡಗು, ಹೆಸರು ಮಾತ್ರ ಲಿಬರ್ಟಿ. 1942ರ ಜನವರಿ 11ರಂದು ರಬ್ಬರ್ ಮತ್ತು ರೈಲ್ವೆ ಸಾಮಾನು ಹೊತ್ತು ಹೋಗುತ್ತಿದ್ದಾಗ ಬಾಲಿಯ ಪಕ್ಕದ ಲೊಂಬೊಕ್ ಜಲಸಂಧಿಯ ಹತ್ತಿರ ಜಪಾನಿನ ಜಲಾಂತರ್ಗಾಮಿ ಅದಕ್ಕೆ ಟಾರ್ಪಿಡೊ ಹೊಡೆಯಿತು. ಒಂದು ಅಮೆರಿಕನ್, ಒಂದು ಡಚ್ ಯುದ್ಧನೌಕೆ ಸೇರಿ ಅದನ್ನು ಬಾಲಿಯ ಉತ್ತರದ ಸಿಂಗರಾಜ ಬಂದರಿಗೆ ಎಳೆದೊಯ್ಯಲು ನೋಡಿದವು. ನೀರು ತುಂಬುತ್ತಲೇ ಇತ್ತು. ಬಂದರು ಮುಟ್ಟುವುದಿಲ್ಲ ಅಂತ ಖಾತ್ರಿಯಾದ ಮೇಲೆ ತುಲಾಂಬೆನ್ ದಡಕ್ಕೆ ಹತ್ತಿಸಿ ಬಿಟ್ಟರು.

ಅಲ್ಲಿ ಅದು ಇಪ್ಪತ್ತೊಂದು ವರ್ಷ ದಡದ ಮೇಲೆಯೇ ಕೂತಿತ್ತು. ಸಾಮಾನೆಲ್ಲ ಇಳಿಸಿಕೊಂಡಾಯಿತು, ಬರೀ ಚಿಪ್ಪು ಉಳಿಯಿತು. 1963ರಲ್ಲಿ ಪಕ್ಕದ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಆ ನಡುಕಕ್ಕೆ ಹಡಗು ದಡದಿಂದ ಜಾರಿ ನೀರಿಗೆ ಬಿತ್ತು. ಸುಮಾರು 125 ಮೀಟರ್ ಉದ್ದದ ಹಡಗು ಈಗ ಕಪ್ಪು ಮರಳಿನ ಇಳಿಜಾರಿನಲ್ಲಿ ಬಲಮಗ್ಗುಲಿಗೆ ಮಲಗಿದೆ. ಮೇಲಿನ ಅಂಚು ನೀರಿನಿಂದ ಐದು ಮೀಟರಿಗೇ ಸಿಗುತ್ತದೆ, ಕೆಳಗಿನ ಅಂಚು 30 ಮೀಟರ್ ಹತ್ತಿರ. ದಡದಿಂದ ನಾಲ್ಕು ಹೆಜ್ಜೆ ಅಂದರೂ ತಪ್ಪಲ್ಲ. ದೋಣಿ ಬೇಕಿಲ್ಲ, ನಡೆದುಕೊಂಡೇ ನೀರಿಗಿಳಿಯುತ್ತೀರಿ. ನೇತ್ರಾಣಿಗೆ ಹೋಗುವಾಗ ದೋಣಿಯಲ್ಲೇ ಹೊಟ್ಟೆ ತೊಳಸಿ ಅರ್ಧ ಜೀವ ಆಗುವವರಿಗೆ ಇದು ದೊಡ್ಡ ವರ.

ಇನ್ನು ಹಡಗು ಎಳೆದುಕೊಳ್ಳುವ ಮಾತು. ಮುಳುಗುತ್ತಿರುವ ಹಡಗಿನ ಪಕ್ಕ ಈಜುವವರ ಭಯ ಅದು. ಅರವತ್ತು ವರ್ಷದಿಂದ ಸುಮ್ನೆ ಮಲಗಿರುವ ಹಡಗು ಯಾರನ್ನೂ ಎಳೆಯುವುದಿಲ್ಲ. ಆದರೆ ನಿಮ್ಮ ಗೆಳೆಯನ ಮಾತು ಪೂರ್ತಿ ಗಾಳಿಯಿಂದ ಹುಟ್ಟಿದ್ದೂ ಅಲ್ಲ. ಕಡಿಮೆ ಆಳದಲ್ಲಿ ಮೇಲಿನ ಅಲೆಯ ತೂಗಾಟ ಕೆಳಗೂ ಮುಟ್ಟುತ್ತದೆ. ಅಲೆ ಜೋರಿರುವ ದಿನ ಹಡಗಿನ ಒಂದು ಕಿಂಡಿಯ ಮುಂದೆ ನಿಂತರೆ ನೀರು ನಿಮ್ಮನ್ನು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತೂಗುತ್ತದೆ. ತುಕ್ಕು ಹಿಡಿದ ಕಬ್ಬಿಣದ ಅಂಚು ಅಲ್ಲೇ ಇರುತ್ತದೆ. ಎರಡು ತೋಳಿನಷ್ಟು ದೂರ ಇದ್ದರೆ ಆಯಿತು.

ಕರೆಂಟ್ ವಿಷಯದಲ್ಲಿ ಆತ ಎರಡು ಜಾಗ ಬೆರೆಸಿದ್ದಾನೆ. ಬಾಲಿ ಮತ್ತು ಲೊಂಬೊಕ್ ನಡುವೆ ಶಾಂತಸಾಗರದ ನೀರು ಹಿಂದೂ ಮಹಾಸಾಗರಕ್ಕೆ ನುಗ್ಗುತ್ತದೆ. ನುಸಾ ಪೆನಿಡಾ ದ್ವೀಪದ ಸುತ್ತ ಕೆಳಮುಖದ ಕರೆಂಟ್ ನಿಜಕ್ಕೂ ಇದೆ. ಒಂಬತ್ತು ಡೈವ್ ಮಾಡಿದವರನ್ನು ನಾನು ಅಲ್ಲಿಗೆ ಕರೆದೊಯ್ಯುವುದಿಲ್ಲ. ತುಲಾಂಬೆನ್ ಸಾಮಾನ್ಯವಾಗಿ ಶಾಂತ. ಅಲ್ಲಿ ಕಷ್ಟ ಕೊಡುವುದು ಕಲ್ಲು. ಮರಳ ದಡ ಅಂದುಕೊಂಡು ಹೋಗುತ್ತೀರಿ, ಇರುವುದು ತೆಂಗಿನಕಾಯಿ ಗಾತ್ರದ ಗುಂಡುಗಲ್ಲು. ಅಲೆ ಬಂದಾಗ ಕಾಲಡಿಯ ಕಲ್ಲುಗಳೇ ಉರುಳುತ್ತವೆ. ಬೆನ್ನ ಮೇಲೆ ಟ್ಯಾಂಕ್ ಹೊತ್ತು ಬಿದ್ದವರನ್ನು ಜಾಸ್ತಿ ನೋಡಿದ್ದೇನೆ. ಹಡಗಿನಿಂದ ಪೆಟ್ಟಾದವರು ಅಷ್ಟಿಲ್ಲ.

ಒಳಗೆ ಹೋಗದಿದ್ದರೆ ರೆಕ್ ಡೈವ್ ಅಲ್ಲ ಅನ್ನುವ ಇನ್ನೊಬ್ಬ ಗೆಳೆಯನಿಗೆ ನನ್ನ ಪರವಾಗಿ ಒಂದು ನಮಸ್ಕಾರ ಹೇಳಿ. ಲಿಬರ್ಟಿಯ ಸೊಗಸೆಲ್ಲ ಹೊರಗೇ ಇದೆ. ಹವಳ, ಸಮುದ್ರ ಬೀಸಣಿಗೆ, ಹಡಗಿನ ಪಕ್ಕದ ಮರಳಿನಲ್ಲಿ ಹುಲ್ಲಿನಂತೆ ತಲೆಯೆತ್ತಿ ನಿಲ್ಲುವ ಗಾರ್ಡನ್ ಈಲ್‌ಗಳು (ಹಾವುಮೀನು). ನಸುಕಿನಲ್ಲಿ ಇಳಿದರೆ ಅದೃಷ್ಟವಿದ್ದ ದಿನ ಹಣೆಯುಬ್ಬಿದ ದೊಡ್ಡ ಗಿಳಿಮೀನುಗಳ ಗುಂಪು ಹಡಗಿನಲ್ಲಿ ರಾತ್ರಿ ಕಳೆದು ಹೊರಡುವುದು ಕಾಣುತ್ತದೆ. ಹಡಗು ಒಡೆದು ತೆರೆದುಕೊಂಡಿರುವುದರಿಂದ ಹೊರಗೆ ನಿಂತೇ ಒಳಗನ್ನು ನೋಡಬಹುದು.

ಒಳಗೆ ಹೋಗುವುದರ ಅಪಾಯ ಏನು ಅಂದರೆ, ತಲೆಯ ಮೇಲೆ ಚಾವಣಿ ಬರುತ್ತದೆ. ನೀವು ಕಲಿತ ಕೋರ್ಸಿನ ಇಡೀ ಸುರಕ್ಷತೆ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಏನೇ ಆದರೂ ನಿಧಾನವಾಗಿ ನೇರ ಮೇಲೆ ಬರಬಹುದು. ಕಬ್ಬಿಣದಡಿ ಆ ದಾರಿ ಇಲ್ಲ. ಫಿನ್ (ಕಾಲಿಗೆ ಹಾಕುವ ಈಜು ರೆಕ್ಕೆ) ಒಮ್ಮೆ ತಳಕ್ಕೆ ತಾಗಿದರೆ ಸಣ್ಣ ಹೂಳು ಎದ್ದು ಬಾಗಿಲು ಯಾವುದು ಗೋಡೆ ಯಾವುದು ತಿಳಿಯುವುದಿಲ್ಲ. ಚಾವಣಿಗೆ ಬಡಿದ ನಮ್ಮ ಗುಳ್ಳೆಗಳು ತುಕ್ಕನ್ನು ಉದುರಿಸುತ್ತವೆ. ಗೈಡ್ ಎರಡೂ ಕಡೆ ತೆರೆದ, ಆಚೆ ಬದಿಯ ನೀಲಿ ನೀರು ಕಾಣುವ ಅಗಲ ಕಮಾನನ್ನು ತೋರಿಸಿ 'ಬರ್ತೀರಾ' ಅಂತ ಕೈ ಮಾಡಬಹುದು. ನಿಂತಲ್ಲೇ ನಿಲ್ಲುವ ಹತೋಟಿ ನಿಮಗಿದ್ದರೆ ಯೋಚಿಸಿ. ಹದಿನಾಲ್ಕು ತಿಂಗಳ ಬಿಡುವಿನ ನಂತರ ಮೊದಲ ದಿನವೇ ಅದು ಇರುವುದಿಲ್ಲ. 'ಬೇಡ' ಅಂತ ತಲೆಯಾಡಿಸಿದರೆ ಯಾವ ಒಳ್ಳೆಯ ಗೈಡೂ ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ ಮಟ್ಟದವರಿಗೆ ನಿಜವಾಗಿ ಕೈಕೊಡುವುದು ಗಾಳಿಯ ಲೆಕ್ಕ. (ಟ್ಯಾಂಕಿನಲ್ಲಿರುವುದು ಗಾಳಿಯೇ, ಆಮ್ಲಜನಕ ಅಲ್ಲ. ಮನೆಯವರಿಗೆ ಹೇಳಿಬಿಡಿ, ಎಲ್ಲರೂ 'ಆಕ್ಸಿಜನ್ ಸಿಲಿಂಡರ್' ಅಂತಲೇ ಅನ್ನುತ್ತಾರೆ.) ಅಲ್ಲಿ ಸಾಮಾನ್ಯವಾಗಿ ಕೊಡುವ ಅಲ್ಯೂಮಿನಿಯಂ ಟ್ಯಾಂಕ್ ಸುಮಾರು 11 ಲೀಟರಿನದು. 200 ಬಾರ್ ತುಂಬಿದ್ದಾರೆ ಅನ್ನೋಣ (ಬಾರ್ ಅಂದರೆ ಒತ್ತಡದ ಅಳತೆ, ಟ್ಯಾಂಕಿನ ಲೀಟರಿಗೆ ಗುಣಿಸಿದರೆ ಗಾಳಿಯ ಲೆಕ್ಕ ಸಿಗುತ್ತದೆ). 70 ಬಾರ್ ಆದಾಗ ಮೇಲೆ ಹೊರಡಬೇಕು ಅಂದರೆ ಖರ್ಚಿಗೆ ಸಿಗುವುದು 130 ಬಾರ್, ಅಂದರೆ 1,430 ಲೀಟರ್. ಹೊಸಬರು ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆ ಅಂತ ಇಟ್ಟುಕೊಳ್ಳಿ. 15 ಮೀಟರಿನಲ್ಲಿ ಒತ್ತಡ ಎರಡೂವರೆ ಪಟ್ಟು, ಗಾಳಿ 28 ನಿಮಿಷ ಬರುತ್ತದೆ. 28 ಮೀಟರಿನಲ್ಲಿ ಒತ್ತಡ 3.8 ಪಟ್ಟು, 19 ನಿಮಿಷಕ್ಕೆ ಮುಗಿಯುತ್ತದೆ. ಉತ್ಸಾಹದಲ್ಲಿ ಏದುಸಿರು ಬಿಟ್ಟರೆ ಇನ್ನೂ ಬೇಗ. 125 ಮೀಟರ್ ಉದ್ದದ ಹಡಗು ಕಣ್ಣ ಮುಂದೆ ಇದ್ದಾಗ 'ಇನ್ನೊಂದು ಚೂರು ಮುಂದೆ' ಅನ್ನಿಸುವುದು ಸಹಜ, ಗೇಜ್ ಕಡೆ ಕಣ್ಣು ಹೋಗುವುದೇ ಇಲ್ಲ. ಮೇಲಾಗಿ 30 ಮೀಟರ್ ಹತ್ತಿರ ಹೋದಂತೆ ನೈಟ್ರೋಜನ್ನಿನ ಮಂಪರು ಶುರುವಾಗುತ್ತದೆ. ಒಂದು ಪೆಗ್ ಹಾಕಿದವರ ಧೈರ್ಯ ಬರುತ್ತದೆ, ಬುದ್ಧಿ ಸ್ವಲ್ಪ ಹಿಂದೆ ಬೀಳುತ್ತದೆ.

ಓಪನ್ ವಾಟರ್ ಕಾರ್ಡಿನ ಮಿತಿ 18 ಮೀಟರ್. ಬೇಸರ ಬೇಡ. ಈ ಹಡಗಿನ ಅರ್ಧಕ್ಕೂ ಹೆಚ್ಚು ಚೆಂದ ಅದರೊಳಗೇ ಸಿಗುತ್ತದೆ. ಕೆಳಗಿನ ಭಾಗವೂ ಬೇಕೇ ಬೇಕು ಅಂದರೆ ತುಲಾಂಬೆನ್‌ನಲ್ಲೇ ಮುಂದಿನ ಹಂತದ ಅಡ್ವಾನ್ಸ್‌ಡ್ ಕೋರ್ಸ್ ಮಾಡಬಹುದು. ಐದು ಡೈವ್, ಎರಡು ದಿನ, ಅದರಲ್ಲಿ ಒಂದು ರೆಕ್ ಡೈವ್ ಆಗಿಯೇ ಇರಬಹುದು. ಯಾವ ದಾರಿ ಹಿಡಿದರೂ ಮೊದಲ ಡೈವ್ ಪಕ್ಕದ ಕೋರಲ್ ಗಾರ್ಡನ್ ಎಂಬ ಹವಳದ ಜಾಗದಲ್ಲಿ ಆಗಲಿ. ಮಾಸ್ಕ್ ಬಿಚ್ಚಿ ಹಾಕುವುದು, ರೆಗ್ಯುಲೇಟರ್ (ಬಾಯಲ್ಲಿ ಹಿಡಿದು ಉಸಿರಾಡುವ ಸಾಧನ) ಹುಡುಕುವುದು, ಅಲ್ಲಾಡದೆ ತೇಲುವುದು, ಇವನ್ನೆಲ್ಲ ಒಮ್ಮೆ ಗೈಡ್ ಮುಂದೆ ಮಾಡಿ. ಹದಿನಾಲ್ಕು ತಿಂಗಳು ಕಾರು ಬಿಡದವರು ಆಗುಂಬೆ ಘಾಟಿಯಲ್ಲಿ ಶುರು ಮಾಡುತ್ತಾರಾ?

ಬಿಪಿ ಮಾತ್ರೆಯ ವಿಷಯ ಇಲ್ಲೇ ಮುಗಿಸಿಕೊಂಡು ಹೊರಡಿ. ಡೈವ್ ಅಂಗಡಿಯವರು ಒಂದು ಆರೋಗ್ಯದ ಫಾರಂ ಕೊಡುತ್ತಾರೆ. ನಿಮ್ಮ ವಯಸ್ಸು 45 ದಾಟಿದೆ, ರಕ್ತದೊತ್ತಡವೂ ಇದೆ. 'ಹೌದು' ಅಂತ ಬರೆದರೆ ವೈದ್ಯರ ಸಹಿ ಕೇಳುತ್ತಾರೆ, ಹಳ್ಳಿಯಲ್ಲಿ ನಿಂತು ಅದನ್ನು ಎಲ್ಲಿಂದ ತರುತ್ತೀರಿ? ಕೆಲವರು ಆಗ 'ಇಲ್ಲ' ಅಂತ ಗೀಚಿಬಿಡುತ್ತಾರೆ. ಅದು ಮಾಡಬೇಡಿ. ನೀರಿನಲ್ಲಿ ಮುಳುಗಿದಾಗ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ, ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ರಕ್ತದೊತ್ತಡ ಇರುವ ಕೆಲವರಿಗೆ ಡೈವ್ ನಡುವೆಯೇ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡ ಉದಾಹರಣೆಗಳಿವೆ. ಕೆಲವು ಬಗೆಯ ಬಿಪಿ ಮಾತ್ರೆ ಹೃದಯದ ಬಡಿತವನ್ನು ಏರಗೊಡದೆ ಹಿಡಿಯುತ್ತದೆ, ಕರೆಂಟಿನಲ್ಲಿ ಜೋರಾಗಿ ಈಜಬೇಕಾದಾಗ ಉಸಿರು ಕಟ್ಟುತ್ತದೆ. ಒತ್ತಡ ಹತೋಟಿಯಲ್ಲಿದ್ದು, ಮೆಟ್ಟಿಲು ಹತ್ತಿದರೆ ಎದೆ ಹಿಡಿಯದಿದ್ದರೆ ಎಷ್ಟೋ ಜನಕ್ಕೆ ವೈದ್ಯರು ಒಪ್ಪಿಗೆ ಕೊಡುತ್ತಾರೆ. ಆ ಫಾರಂ ಈಗಲೇ ಇಳಿಸಿಕೊಂಡು, ಮಾತ್ರೆಯ ಹೆಸರು ತೋರಿಸಿ, ಸಹಿ ಹಾಕಿಸಿಕೊಳ್ಳಿ. ಇದರಲ್ಲಿ ನನ್ನ ಮಾತಿಗಿಂತ ಅವರ ಮಾತು ದೊಡ್ಡದು.

ಈಗ ಐದನೇ ದಿನ. ಡೈವ್ ಮಾಡುವಾಗ ಒತ್ತಡಕ್ಕೆ ನೈಟ್ರೋಜನ್ ಮೈಯಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅದು ಹೋಗುವ ಮೊದಲೇ ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳಬಹುದು. ವಿಮಾನದ ಬಗ್ಗೆ ಎಲ್ಲರಿಗೂ ಗೊತ್ತು: ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವ್ ಆದರೆ 18 ಗಂಟೆ ಕಾಯಬೇಕು. ನಾನು 24 ಅನ್ನುತ್ತೇನೆ, ಅದು ನನ್ನ ಹಟ. ನಿಮ್ಮ ವಿಮಾನ ರಾತ್ರಿ, ಆ ಲೆಕ್ಕ ಸರಿಯಾಗೇ ಇದೆ. ಬೆಟ್ಟವನ್ನು ಮಾತ್ರ ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕಾಯುವ ನಿಯಮ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಬತೂರ್ ತುದಿ 1,717 ಮೀಟರ್. ಸಂಜೆ ಡೈವ್ ಮುಗಿಸಿ ನಡುರಾತ್ರಿ ಕಾರು ಹತ್ತಿದರೆ ನಿಮಗೆ ಸಿಗುವುದು ಏಳೆಂಟು ಗಂಟೆ ಅಷ್ಟೇ. ಅದರ ಮೇಲೆ ಏದುಸಿರು ಬಿಟ್ಟು ಬೆಟ್ಟ ಹತ್ತುವ ಶ್ರಮ ಬೇರೆ, ಅದೂ ಗುಳ್ಳೆಗೆ ಕುಮ್ಮಕ್ಕು ಕೊಡುತ್ತದೆ.

ಇನ್ನೂ ಒಂದು ತೊಡಕಿದೆ, ಇದನ್ನು ಯಾರೂ ಹೇಳುವುದಿಲ್ಲ. ಈ ಗುಳ್ಳೆಗಳಿಂದ ಬರುವ ಡಿಕಂಪ್ರೆಶನ್ ಕಾಯಿಲೆಯ ಮೊದಲ ಗುರುತುಗಳೆಂದರೆ ಮಂಡಿ ಭುಜದ ನೋವು, ಜುಮುಜುಮು, ವಿಪರೀತ ಸುಸ್ತು. ಬೆಟ್ಟ ಹತ್ತಿ ಇಳಿದವರಿಗೆ ಇವೆಲ್ಲ ಹೇಗೂ ಇರುತ್ತವೆ! 'ಮೈಕೈ ನೋವು, ಮಲಗಿದರೆ ಸರಿಹೋಗುತ್ತೆ' ಅಂದುಕೊಂಡು ವಿಮಾನ ಹತ್ತುತ್ತೀರಿ. ಹಾಗೆ ತಡ ಮಾಡಿದಷ್ಟೂ ವಾಸಿಯಾಗುವುದು ಕಷ್ಟ.

ಅಂದಹಾಗೆ, ನೇತ್ರಾಣಿಯಲ್ಲಿ ಡೈವ್ ಮಾಡಿ ಅದೇ ರಾತ್ರಿ ಮುರುಡೇಶ್ವರದಿಂದ ಬೆಂಗಳೂರಿನ ಬಸ್ ಹಿಡಿದಿದ್ದಿರಿ, ಅಲ್ವಾ? ನಮ್ಮವರು ಮುಕ್ಕಾಲು ಪಾಲು ಹಾಗೇ ಮಾಡುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಏನೂ ಆಗಲಿಲ್ಲ ಅಂದರೆ ಸಂತೋಷ. ಮುಂದಿನ ಸಲ ಒಂದು ರಾತ್ರಿ ಕರಾವಳಿಯಲ್ಲೇ ಕಳೆಯಿರಿ, ಮೀನಿನ ಊಟವೂ ಆಗುತ್ತದೆ.

ಹಾಗಾದರೆ ಬತೂರ್ ಬಿಡಬೇಕಾ? ಬೇಕಿಲ್ಲ, ತಿರುಗಿಸಿ ಹಾಕಿ. ಮೊದಲು ಬೆಟ್ಟ, ಆಮೇಲೆ ಸಮುದ್ರ. ಮೊದಲ ರಾತ್ರಿ ಬತೂರ್ ಪಕ್ಕದ ಕಿಂತಾಮಣಿಯಲ್ಲಿ ಉಳಿಯಿರಿ, ಎರಡನೇ ದಿನ ನಸುಕಿನಲ್ಲಿ ಬತೂರ್ ಹತ್ತಿ, ಮಧ್ಯಾಹ್ನ ತುಲಾಂಬೆನ್‌ಗೆ ಇಳಿದು ನಿದ್ದೆ ಮಾಡಿ. ಮೂರನೇ ದಿನ ಮತ್ತು ನಾಲ್ಕನೇ ದಿನ ಮಧ್ಯಾಹ್ನದವರೆಗೆ ಡೈವ್. ಎತ್ತರದಿಂದ ಇಳಿದು ಬಂದು ಡೈವ್ ಮಾಡುವುದಕ್ಕೆ ತಕರಾರಿಲ್ಲ. ಕಳೆದುಕೊಳ್ಳುವುದು ಒಂದು ದಿನದ ಡೈವ್. ಆಗ ಅಡ್ವಾನ್ಸ್‌ಡ್ ಕೋರ್ಸನ್ನೂ ತುರುಕಲು ಹೋಗಬೇಡಿ, 18 ಮೀಟರಿನಲ್ಲೇ ಹಾಯಾಗಿ ನೋಡಿ. ಇನ್ನೊಂದು ದಾರಿ, ಬತೂರ್ ಬಿಟ್ಟು ಮೊದಲ ದಿನವೇ ವಿಮಾನ ನಿಲ್ದಾಣದಿಂದ ಸುಮಾರು ಮೂರು ಗಂಟೆಯ ಹಾದಿಯಲ್ಲಿ ತುಲಾಂಬೆನ್ ಸೇರಿ, ನಡುವಿನ ಮೂರು ದಿನ ಪೂರ್ತಿ ನೀರಿಗೆ ಕೊಡುವುದು. ನನ್ನನ್ನು ಕೇಳಿದರೆ ಇದೇ. ನೆನಪಿರಲಿ, ಅಗುಂಗ್ ಮೈಮೇಲಿರುವ ಬೆಸಾಕಿಹ್ ದೇವಸ್ಥಾನವೂ 600 ಮೀಟರಿಗಿಂತ ಮೇಲಿದೆ. ಕೊನೆಯ ದಿನ 'ದಾರಿಯಲ್ಲೇ ಇದೆ ಸಾರ್' ಅಂತ ಡ್ರೈವರ್ ಕರೆದರೆ ಬೇಡ ಅನ್ನಿ.

ಹಳ್ಳಿಯಲ್ಲೇ ಉಳಿಯುವ ನಿಮ್ಮ ತೀರ್ಮಾನ ಬಹಳ ಸರಿ. ದಕ್ಷಿಣ ಬಾಲಿಯಿಂದ ಒಂದು ದಿನಕ್ಕೆ ಬರುವವರ ವ್ಯಾನುಗಳು ಬೆಳಿಗ್ಗೆ ಒಂಬತ್ತರ ನಂತರ ಸಾಲುಗಟ್ಟುತ್ತವೆ. ಆಮೇಲೆ ಹಡಗಿನ ಸುತ್ತ ಯಾರ ಫಿನ್ ಯಾರ ಮುಖಕ್ಕೆ ಅಂತ ತಿಳಿಯುವುದಿಲ್ಲ. ಹೊಸಬರು ಗಾಬರಿಯಾಗುವುದು, ಗುಂಪು ಬದಲಾಗಿ ಬೇರೆಯವರ ಗೈಡ್ ಹಿಂದೆ ಹೋಗುವುದು ಇಂಥ ಹೊತ್ತಿನಲ್ಲೇ. ಆರು ಗಂಟೆಗೆ ನೀರಿಗಿಳಿದರೆ ಹಡಗು ನಿಮ್ಮದೇ.

ಅಂಗಡಿ ಆರಿಸುವಾಗ ಬೆಲೆಗಿಂತ ಮೊದಲು ಕೇಳಿ: ಒಬ್ಬ ಗೈಡ್ ಜೊತೆ ಎಷ್ಟು ಜನ? ನಿಮಗೆ ಇಬ್ಬರು ಅಥವಾ ಮೂವರು ಸಾಕು. ತುರ್ತಿಗೆ ಆಮ್ಲಜನಕದ ಕಿಟ್ ದಡದಲ್ಲೇ ಇದೆಯಾ? ಡಿಕಂಪ್ರೆಶನ್ ಕಾಯಿಲೆಗೆ ಬೇಕಾದ ಒತ್ತಡ ಕೋಣೆಯ ಚಿಕಿತ್ಸೆ ಇರುವುದು ಡೆನ್ಪಸಾರ್‌ನಲ್ಲಿ, ಗಂಟೆಗಟ್ಟಲೆ ದೂರ. ಅಲ್ಲಿಯವರೆಗೆ ಕೈಹಿಡಿಯುವುದು ಆ ಕಿಟ್ಟೇ. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಬಾಡಿಗೆಗೆ ತೆಗೆದುಕೊಳ್ಳಿ, ಗೈಡ್ ಕೈಯಲ್ಲಿರುವುದು ಗೈಡ್‌ಗೆ ಮಾತ್ರ. ಪ್ರಯಾಣ ವಿಮೆಯ ಸಣ್ಣ ಅಕ್ಷರ ಓದಿ. ಸ್ಕೂಬಾ ಹೊರಗಿಟ್ಟ ಪಾಲಿಸಿಗಳು, ಇಷ್ಟೇ ಆಳದವರೆಗೆ ಅನ್ನುವ ಪಾಲಿಸಿಗಳು ಬಹಳ ಇವೆ. ಡೈವರ್‌ಗಳಿಗೆಂದೇ ಡ್ಯಾನ್ ಸಂಸ್ಥೆಯ ವಿಮೆ ಇದೆ, ನೋಡಿ.

ಇನ್ನು ತಾರೀಕು. ನಿಮ್ಮದು ಯುಗಾದಿ ರಜೆ, ಇಲ್ಲೊಂದು ತಮಾಷೆ ಇದೆ. ಬಾಲಿಯವರೂ ಶಕ ವರ್ಷವನ್ನೇ ಎಣಿಸುತ್ತಾರೆ. ಅವರ ಹೊಸ ವರ್ಷ ನ್ಯೆಪಿ. ಕೆಲವು ವರ್ಷ ಅದು ನಮ್ಮ ಯುಗಾದಿಯ ದಿನವೇ ಬರುತ್ತದೆ, 2023ರಲ್ಲಿ ಎರಡೂ ಮಾರ್ಚ್ 22ರಂದೇ ಇದ್ದವು. ನಾವು ಹೋಳಿಗೆ ತಿನ್ನುತ್ತೇವೆ, ಅವರು ಮೌನ ಹಿಡಿಯುತ್ತಾರೆ. 24 ಗಂಟೆ ದೀಪವಿಲ್ಲ, ಓಡಾಟವಿಲ್ಲ, ವಿಮಾನ ನಿಲ್ದಾಣವೂ ಬಂದ್. ಪ್ರವಾಸಿಗರೂ ಉಳಿದ ಜಾಗದಿಂದ ಹೊರಬರುವಂತಿಲ್ಲ, ಡೈವ್ ಅಂತೂ ಇಲ್ಲ. ಟಿಕೆಟ್ ಮಾಡುವ ಮೊದಲು ಆ ದಿನ ಯಾವುದು ಅಂತ ನೋಡಿಕೊಳ್ಳಿ. ಮಾರ್ಚ್ ಅಂದರೆ ಅಲ್ಲಿ ಮಳೆಗಾಲದ ಬಾಲ. ಜೋರು ಮಳೆಯಾದರೆ ಬೆಟ್ಟದ ಕೆಸರು ಇಳಿದು ನೀರು ಮಬ್ಬಾಗುತ್ತದೆ. ಏಪ್ರಿಲ್ ಕೊನೆಗೆ ತಳ್ಳಲು ಆದರೆ ಒಳ್ಳೆಯದು. ಅಗುಂಗ್ 2017ರ ನವೆಂಬರಿನಲ್ಲೂ ಬೂದಿ ಉಗುಳಿ ವಿಮಾನ ನಿಲ್ಲಿಸಿತ್ತು. ಜ್ವಾಲಾಮುಖಿಗೆ ಅಲ್ಲಿನ ಸರ್ಕಾರ ನಾಲ್ಕು ಹಂತದ ಎಚ್ಚರಿಕೆ ಕೊಡುತ್ತದೆ, ಹೊರಡುವ ವಾರ ಒಮ್ಮೆ ನೋಡಿದರೆ ಸಾಕು.

ನಿಮ್ಮ ಮನೆಯವರು ದಡದಲ್ಲಿ ಚೀಲ ಕಾಯುತ್ತಾ ಕೂರಬೇಕಿಲ್ಲ. ಹಡಗಿನ ಮೇಲಿನ ಅಂಚು ಐದು ಮೀಟರಿನಲ್ಲಿದೆ ಅಂದೆನಲ್ಲ, ತಿಳಿನೀರಿನ ದಿನ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿ ತೇಲುತ್ತಲೇ ನೋಡಬಹುದು. ಲೈಫ್ ಜಾಕೆಟ್ ಇರಲಿ, ಜೊತೆಗೆ ಒಬ್ಬರು ಇರಲಿ. ಪಕ್ಕದ ಅಮೇದ್ ಕಡೆಯ ಬನ್ಯುನಿಂಗ್‌ನಲ್ಲಿ ಇನ್ನೊಂದು ಸಣ್ಣ ಹಡಗಿದೆ, 'ಜಪಾನಿ ರೆಕ್' ಅನ್ನುತ್ತಾರೆ. ಅದು ಇನ್ನೂ ಮೇಲಿದೆ, ಸ್ನಾರ್ಕೆಲ್ ಮಾಡುವವರಿಗೆ ಹೇಳಿ ಮಾಡಿಸಿದಂತಿದೆ. ಐದನೇ ದಿನ ಇಬ್ಬರೂ ಸೇರಿ ತೀರ್ಥ ಗಂಗಾಕ್ಕೆ ಹೋಗಿ. ಹೆಸರು ನಮ್ಮದೇ. ಕರಂಗಾಸೆಮ್ ರಾಜರು 1940ರ ದಶಕದಲ್ಲಿ ಕಟ್ಟಿಸಿದ ನೀರಿನ ಅರಮನೆ. ಲಿಬರ್ಟಿಯನ್ನು ನೀರಿಗೆ ತಳ್ಳಿದ ಅದೇ 1963ರ ಸ್ಫೋಟದಲ್ಲಿ ಹಾಳಾಗಿ ಮತ್ತೆ ಎದ್ದು ನಿಂತದ್ದು. ಬೆಟ್ಟದ ತುದಿಯಲ್ಲಿಲ್ಲ, ಹಾಗಾಗಿ ನಿಮ್ಮ ನೈಟ್ರೋಜನ್‌ಗೂ ತೊಂದರೆಯಿಲ್ಲ.

ಸಾಮಾನಿನ ಪಟ್ಟಿಯಲ್ಲಿ ಒಂದನ್ನೇ ಒತ್ತಿ ಹೇಳುತ್ತೇನೆ: ದಪ್ಪ ಅಡಿಯ ಬೂಟಿ (ನೀರಿನಲ್ಲಿ ಹಾಕುವ ಬೂಟು) ಮತ್ತು ಅದರ ಮೇಲೆ ಹಾಕುವ ಪಟ್ಟಿಯ ಫಿನ್. ಬರಿಗಾಲಿಗೆ ಹಾಕುವ ಫಿನ್ ಆ ಕಲ್ಲಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಮತ್ತೆ, ತುಲಾಂಬೆನ್‌ನ ಹೆಂಗಸರು ಟ್ಯಾಂಕುಗಳನ್ನು ತಲೆಯ ಮೇಲೆ ಹೊತ್ತು ಆ ಕಲ್ಲುಗಳ ಮೇಲೆ ಸಲೀಸಾಗಿ ನಡೆದುಹೋಗುವುದನ್ನು ನೋಡುತ್ತೀರಿ. ನೋಡಿ ಸಂಕೋಚವಾಗಿ 'ನನ್ನದು ನಾನೇ ಹೊರುತ್ತೇನೆ' ಅನ್ನಬೇಡಿ. ಒಂದೊಂದು ಟ್ಯಾಂಕ್ 15 ಕಿಲೋ ದಾಟುತ್ತದೆ, ನಿಮಗೆ ಬಿಪಿ ಇದೆ, ಅವರಿಗೆ ಅದು ಸಂಬಳದ ಕೆಲಸ. ಕೈಗೆ ಸ್ವಲ್ಪ ಜಾಸ್ತಿಯೇ ಕೊಡಿ.